ಸಭೆಯ ಬಾಗಿಲು ಮತ್ತು ಆರೋಗ್ಯದ ಆದೇಶ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

ಕೆಲವು ವಾರಗಳಿಂದ ಗದಗ-ಬೆಟಗೇರಿಯ ನಮ್ಮ ಕ್ರೈಸ್ತ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅಮೆರಿಕದ ಬೋಧಕರೊಬ್ಬರ ಹಳೆಯ ಭಾಷಣದ ತುಣುಕು ಮತ್ತೆ ಹರಿದಾಡುತ್ತಿದೆ. ಕೋವಿಡ್ ಕಾಲದಲ್ಲಿ ಸರ್ಕಾರ ಹೊರಡಿಸಿದ ಆದೇಶವನ್ನು ಮೀರಿ ಆರಾಧನೆ ನಡೆಸಿದೆವು, ದೇವರು ನಮ್ಮನ್ನು ಗೆಲ್ಲಿಸಿದನು ಎಂಬುದು ಅದರ ಸಾರ. ಮುಂದಿನ ಸಲ ರೋಗ ಬಂದಾಗ ನಾವೂ ಹೀಗೆಯೇ ಬಾಗಿಲು ತೆರೆದಿಡಬೇಕು ಎಂದು ನಮ್ಮವರೇ ಕೆಲವರು ಅದರ ಕೆಳಗೆ ಬರೆದಿದ್ದಾರೆ. ನಾನು ಬೆಟಗೇರಿಯ ಕ್ರೈಸ್ತ ಸಭೆಯೊಂದರ, ಅಂದರೆ ಚರ್ಚಿನ, ಸದಸ್ಯಳು. ಮೂವತ್ತಕ್ಕೂ ಹೆಚ್ಚು ವರ್ಷ ಆರೋಗ್ಯ ಇಲಾಖೆಯಲ್ಲಿ ಸಹಾಯಕಿಯಾಗಿ ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕಿದವಳು. ರವಿವಾರ ಬೆಂಚಿನ ಮೇಲೆ ಕುಳಿತು ಪ್ರಾರ್ಥಿಸಿದ ಕೈಯೇ ಸೋಮವಾರ ಆದೇಶದ ಪ್ರತಿಯನ್ನು ಸಭಾಪಾಲಕರ (ಪಾದ್ರಿಗಳ) ಮನೆಗೆ ಮುಟ್ಟಿಸಿದ್ದೂ ಉಂಟು. ಆದ್ದರಿಂದ ಈ ವಿಷಯದಲ್ಲಿ ಸುಮ್ಮನಿರುವುದು ನನ್ನಿಂದಾಗಲಿಲ್ಲ.

ಮೊದಲು ಅಮೆರಿಕದ ಮಾತು. ಅಲ್ಲಿ ಚರ್ಚುಗಳು ಗೆದ್ದವು ಎಂಬುದು ಅರ್ಧ ಸತ್ಯ. 2020ರ ಮೇ 29ರಂದು ಕ್ಯಾಲಿಫೋರ್ನಿಯಾದ ಒಂದು ಪೆಂಟೆಕೋಸ್ಟ್ ಸಭೆಯ ಮನವಿಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ತಳ್ಳಿಹಾಕಿ, ಆರಾಧನೆಗೆ ಸೇರುವವರ ಸಂಖ್ಯೆಗೆ ಹಾಕಿದ್ದ ಮಿತಿಯನ್ನು ಉಳಿಸಿತು. ಅದೇ ವರ್ಷದ ನವೆಂಬರ್ 25ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕಥೋಲಿಕ ಧರ್ಮಪ್ರಾಂತ್ಯ ಮತ್ತು ಯೆಹೂದಿ ಸಂಘಟನೆಯೊಂದು ತಂದ ಪ್ರಕರಣದಲ್ಲಿ ಮತ್ತೆ ಐದು–ನಾಲ್ಕರ ಬಹುಮತದಿಂದಲೇ ಮಿತಿಗೆ ತಡೆ ಕೊಟ್ಟಿತು. ಆದರೆ ಆ ಎರಡನೆಯ ತೀರ್ಪು ಚರ್ಚಿಗೆ ಆರೋಗ್ಯದ ನಿಯಮವೇ ಅನ್ವಯಿಸದು ಎಂದು ಹೇಳಲಿಲ್ಲ. ಸೋಂಕು ಹೆಚ್ಚಿದ ವಲಯಗಳಲ್ಲಿ ದೇವಾಲಯಕ್ಕೆ ಹತ್ತೇ ಜನ, ಇಪ್ಪತ್ತೈದೇ ಜನ ಎಂದು ಕಟ್ಟುನಿಟ್ಟು ಮಾಡಿ, ಅಂಗಡಿಗಳಿಗೆ ಮಾತ್ರ ಸಡಿಲ ಬಿಟ್ಟದ್ದು ಸರಿಯಲ್ಲ ಎಂದಿತು. ಆದೇಶ ಮೀರಿ ಆರಾಧನೆ ನಡೆಸಿದ್ದ ಲಾಸ್ ಏಂಜಲೀಸ್‌ನ ಗ್ರೇಸ್ ಕಮ್ಯೂನಿಟಿ ಚರ್ಚಿನ ಪ್ರಕರಣವಂತೂ 2021ರಲ್ಲಿ ಸರ್ಕಾರದ ಕಡೆಯವರು ಚರ್ಚಿಗೆ ಎಂಟು ಲಕ್ಷ ಡಾಲರ್ ಕೊಡುವ ರಾಜಿಯಲ್ಲಿ ಮುಗಿಯಿತು. ಒಂದೇ ಅಳತೆಗೋಲು ಬೇಕು ಎಂಬ ಬೇಡಿಕೆ ಬೇರೆ, ಅಳತೆಯೇ ಬೇಡ ಎಂಬ ಹಟ ಬೇರೆ. ವಿಡಿಯೊ ಹಂಚುವವರು ಇವೆರಡನ್ನೂ ಒಂದು ಮಾಡುತ್ತಿದ್ದಾರೆ.

ಇನ್ನೂ ಮುಖ್ಯವಾದದ್ದೆಂದರೆ, ಅಲ್ಲಿನ ಸಂವಿಧಾನ ಬೇರೆ, ನಮ್ಮದು ಬೇರೆ. ಧರ್ಮಸ್ವಾತಂತ್ರ್ಯವನ್ನು ಹೇಳುವ ಅವರ ಮೊದಲ ತಿದ್ದುಪಡಿಯ ವಾಕ್ಯದಲ್ಲಿ ಆರೋಗ್ಯ ಎಂಬ ಪದವಿಲ್ಲ. ನಮ್ಮ 25ನೇ ವಿಧಿ ಶುರುವಾಗುವುದೇ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಎಂಬ ಮಾತಿನಿಂದ. ಧಾರ್ಮಿಕ ಸಂಸ್ಥೆಗಳ ಹಕ್ಕನ್ನು ಹೇಳುವ 26ನೇ ವಿಧಿಯಲ್ಲೂ ಅದೇ ಮೂರು ಪದಗಳಿವೆ. ನನ್ನ ಧರ್ಮವನ್ನು ಆಚರಿಸುವ, ಸಾರುವ ಹಕ್ಕು ನನಗೆ ಸಿಕ್ಕಿದ್ದು ಯಾವ ವಾಕ್ಯದಿಂದಲೋ, ಅದೇ ವಾಕ್ಯದಲ್ಲಿ ನೆರೆಯವನ ಆರೋಗ್ಯವೂ ಕುಳಿತಿದೆ. ಅಲ್ಪಸಂಖ್ಯಾತರಾದ ನಮಗೆ ಈ ವಿಧಿಗಳೇ ಆಸರೆ. ಅವುಗಳಲ್ಲಿ ನಮಗೆ ಬೇಕಾದ ಅರ್ಧವನ್ನಷ್ಟೇ ಹಿಡಿದುಕೊಂಡು ಹೊರಟರೆ ಉಳಿದರ್ಧವನ್ನು ಕಾಯುವವರು ಯಾರೂ ಇರುವುದಿಲ್ಲ.

ನಮ್ಮ ಊರಿನಲ್ಲಿ ನಡೆದದ್ದನ್ನು ನೆನಪಿಸಿಕೊಳ್ಳುತ್ತೇನೆ. 2020ರ ಮಾರ್ಚ್ 25ರಿಂದ ದೇಶವೇ ಮುಚ್ಚಿತ್ತು. ಏಪ್ರಿಲ್ 10 ಶುಭ ಶುಕ್ರವಾರ, 12 ಪುನರುತ್ಥಾನದ ಹಬ್ಬ (ಈಸ್ಟರ್). ಆ ವಾರದಲ್ಲೇ ಗದಗ ನಗರದಲ್ಲಿ ಹಿರಿಯ ಮಹಿಳೆಯೊಬ್ಬರು ಕೋವಿಡ್‌ನಿಂದ ತೀರಿಕೊಂಡಿದ್ದರು, ನಾವು ಮನೆ ಮನೆಗೆ ಹೋಗಿ ಜ್ವರ, ಕೆಮ್ಮು ವಿಚಾರಿಸುತ್ತಿದ್ದೆವು. ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ನಮ್ಮ ದೇವಾಲಯದಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನಕ್ಕೆ ಹುಬ್ಬಳ್ಳಿ, ಧಾರವಾಡದಲ್ಲಿ ನೆಲೆಸಿದ ಮಕ್ಕಳೂ ಊರಿಗೆ ಬರುತ್ತಾರೆ. ಆ ದಿನ ಸಮೀಕ್ಷೆ ಮುಗಿಸಿ ದೇವಾಲಯದ ಮುಂದಿನಿಂದ ಹಾದುಹೋದಾಗ ಗೇಟಿಗೆ ಬೀಗ ಹಾಕಿತ್ತು. ಸಭಾಪಾಲಕರು ಒಳಗೆ ಒಬ್ಬರೇ ಇದ್ದರು. ಬೀದಿಯಲ್ಲಿ ನಿಂತು ಅತ್ತೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಆ ಬೀಗವನ್ನು ನಾನು ಹಿಂಸೆ ಎಂದು ಎಣಿಸಲಿಲ್ಲ. ಮಸೀದಿಗೂ ಅದೇ ಬೀಗ, ತೋಂಟದಾರ್ಯ ಮಠದ ಜಾತ್ರೆಗೂ ಅದೇ ನಿರ್ಬಂಧ. ರೋಮಿನಲ್ಲಿ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಅವರು ಮಳೆಯಲ್ಲಿ, ಖಾಲಿ ಚೌಕದಲ್ಲಿ ನಿಂತು ಪ್ರಾರ್ಥಿಸಿದ್ದನ್ನು ನಮ್ಮಂಥ ಪ್ರಾಟೆಸ್ಟಂಟರೂ ಟಿವಿಯಲ್ಲಿ ನೋಡಿ ಕೈಮುಗಿದಿದ್ದೆವು.

ನಿಜವಾದ ಕಸಿವಿಸಿ ಶುರುವಾದದ್ದು ಬಾಗಿಲು ತೆರೆದ ಮೇಲೆ. ಜೂನ್ 4ರಂದು ಕೇಂದ್ರ ಆರೋಗ್ಯ ಸಚಿವಾಲಯ ಪೂಜಾಸ್ಥಳಗಳಿಗೆ ಕಾರ್ಯವಿಧಾನ ಹೊರಡಿಸಿತು. 8ರಿಂದ ತೆರೆಯಬಹುದು, ಆದರೆ ಆರು ಅಡಿ ಅಂತರ ಇರಬೇಕು, ಅರವತ್ತೈದು ದಾಟಿದವರು ಮನೆಯಲ್ಲಿರುವುದು ಒಳಿತು, ತೀರ್ಥ ಪ್ರೋಕ್ಷಣೆ ಬೇಡ, ಪ್ರಸಾದ ಬೇಡ, ಗಾಯನ ಮಂಡಳಿ ಬೇಡ, ಬೇಕಾದರೆ ಧ್ವನಿಮುದ್ರಿತ ಸಂಗೀತ ಹಾಕಬಹುದು. ನಮ್ಮ ಗಾಯನ ಮಂಡಳಿಯ ಹಿರಿಯರೊಬ್ಬರು ಆ ಹಾಳೆಯನ್ನು ನನ್ನ ಕೈಗೇ ಹಿಂದಿರುಗಿಸಿ, "ಸಿಸ್ಟರ್, ಹಾಡಲಾರದ ಆರಾಧನಿ ಎಂಥಾದ್ದು? ದಾರು ಅಂಗಡಿ ತೆಗದೈತಿ, ನಮ್ಮ ಬಾಯಿಗೆ ಬೀಗ ಯಾಕ?" ಎಂದು ಕೇಳಿದರು. ನಲವತ್ತು ವರ್ಷ ಕ್ರಿಸ್‌ಮಸ್ ಹಾಡು ಕಲಿಸಿದ ಮನುಷ್ಯ ಅವರು. ನಿಯಮ ಎಂದರೆ ನಿಯಮ ಎಂದು ಹೇಳಿ ಬರಬಹುದಿತ್ತು, ಆದರೆ ಅದು ಉತ್ತರವಾಗುತ್ತಿರಲಿಲ್ಲ. ಅವರ ಪಡಸಾಲೆಯಲ್ಲಿ ಕುಳಿತು ಅಮೆರಿಕದ ಸ್ಕ್ಯಾಗಿಟ್ ಕಣಿವೆಯ ಗಾಯನ ಮಂಡಳಿಯ ಕಥೆ ಹೇಳಿದೆ. ಅದು ಚರ್ಚಿನ ಮಂಡಳಿಯಲ್ಲ, ಊರಿನವರ ಮಂಡಳಿ. ಅಭ್ಯಾಸ ಮಾತ್ರ ಚರ್ಚ್ ಕಟ್ಟಡದಲ್ಲಿ ನಡೆಯುತ್ತಿತ್ತು. 2020ರ ಮಾರ್ಚ್ 10ರ ಸಂಜೆ 61 ಜನ ಎರಡೂವರೆ ತಾಸು ಹಾಡಿದರು. ಒಬ್ಬರಿಗೆ ಮೊದಲೇ ನೆಗಡಿಯಂಥ ಲಕ್ಷಣವಿತ್ತು. ಕೊನೆಗೆ 53 ಜನ ಕಾಯಿಲೆ ಬಿದ್ದರು, ಇಬ್ಬರು ಸತ್ತರು. ಅವರು ಆಗ ಯಾವ ನಿಯಮವನ್ನೂ ಮುರಿದಿರಲಿಲ್ಲ. ಹಾಡುವಾಗ ನಾವು ಮಾತಿಗಿಂತ ಆಳವಾಗಿ ಉಸಿರೆಳೆದು ಜೋರಾಗಿ ಬಿಡುತ್ತೇವೆ. ಉಸಿರಿನ ಜೊತೆ ಕಣ್ಣಿಗೆ ಕಾಣದ ಹನಿಗಳು ಹೊರಬಿದ್ದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತವೆ. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಹಾಗಾದರೆ ಹೊರಗೆ ಬೇವಿನ ಮರದ ಕೆಳಗೆ ನಾಲ್ಕೇ ಜನ ದೂರ ದೂರ ನಿಂತು ಹಾಡಬಹುದೇ ಎಂದು ಕೇಳಿದರು. ಆದೇಶ ಮಂಡಳಿಗಳನ್ನೇ ಬೇಡ ಎಂದಿತ್ತು, ಆದ್ದರಿಂದ ಸದ್ಯಕ್ಕೆ ಅದೂ ಬೇಡ ಎಂದೆ. ಒಪ್ಪಿಕೊಂಡರು. ನಿಯಮದ ಹಿಂದಿನ ಕಾರಣವನ್ನು ಯಾರಾದರೂ ಎದುರು ಕುಳಿತು ಹೇಳಿದರೆ ನಮ್ಮ ಜನ ಕೇಳುತ್ತಾರೆ ಎಂಬುದಕ್ಕೆ ನನ್ನ ಕೆಲಸದ ಉದ್ದಕ್ಕೂ ಇಂಥ ಸಾಕ್ಷಿ ಎಷ್ಟೋ ಸಿಕ್ಕಿದೆ.

ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಪಾತ್ರೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುವುದು ನಮಗೆ ಬರಿಯ ಪದ್ಧತಿಯಲ್ಲ. ಜಾತಿ ಬಿಟ್ಟು, ಮಡಿ ಬಿಟ್ಟು ನಮ್ಮ ಮುತ್ತಜ್ಜಂದಿರು ಸಭೆಗೆ ಸೇರಿದಾಗ, ಬೇರೆ ಬೇರೆ ಕುಲದವರು ಒಂದೇ ಬಟ್ಟಲಿಗೆ ತುಟಿ ಹಚ್ಚಿದ್ದೇ ಅವರ ಹೊಸ ಬದುಕಿನ ಗುರುತಾಗಿತ್ತು. ಅದನ್ನು ಬಿಡಿ ಎಂದು ಹೇಳುವ ಅಧಿಕಾರಿಗೆ ತಾನು ಏನನ್ನು ಕೇಳುತ್ತಿದ್ದೇನೆ ಎಂಬ ಅರಿವಿರಬೇಕು. ಹಾಗೆಂದು ಅದಕ್ಕೇ ಅಂಟಿಕೊಂಡು ಕೂರುವುದನ್ನೂ ನಾನು ಒಪ್ಪಲಾರೆ. ಬಹಳ ಸಭೆಗಳಲ್ಲಿ ಮೊದಲಿನಿಂದಲೂ ಚಿಕ್ಕ ಚಿಕ್ಕ ಬಟ್ಟಲುಗಳಿವೆ, ರೊಟ್ಟಿಯನ್ನು ದ್ರಾಕ್ಷಾರಸದಲ್ಲಿ ಅದ್ದಿ ಕೊಡುವವರೂ ಇದ್ದಾರೆ. ಕಥೋಲಿಕರಲ್ಲಿ ನಾಲಿಗೆಯ ಮೇಲೆ ಇಡುತ್ತಿದ್ದ ಪರಮಪ್ರಸಾದವನ್ನು ಅಂಗೈ ಮೇಲೆ ಕೊಟ್ಟರು. ಸಂಸ್ಕಾರದ ಅರ್ಥ ಇದರಿಂದ ಎಳ್ಳಷ್ಟೂ ಕುಂದಲಿಲ್ಲ.

ನಿಯಮಗಳನ್ನು ಪಾಲಿಸಿದವರಾಗಿಯೇ ಸರ್ಕಾರಕ್ಕೆ ಒಂದು ದೂರನ್ನೂ ಹೇಳಬೇಕಾಗಿದೆ. 2020ರ ಡಿಸೆಂಬರ್ 23ರಂದು ರಾಜ್ಯದಲ್ಲಿ ರಾತ್ರಿ ಕರ್ಫ್ಯೂ ಘೋಷಣೆಯಾಯಿತು, ಮರುದಿನ ಕ್ರಿಸ್‌ಮಸ್ ಮುನ್ನಾದಿನವೇ ಅದನ್ನು ಹಿಂತೆಗೆದುಕೊಳ್ಳಲಾಯಿತು. ಆ ಒಂದು ದಿನದಲ್ಲಿ ನಡುರಾತ್ರಿಯ ಆರಾಧನೆ ಉಂಟೋ ಇಲ್ಲವೋ ಎಂದು ಕೇಳಿ ಎಷ್ಟು ಜನ ನನಗೆ ಫೋನ್ ಮಾಡಿದರು! 2021ರ ಏಪ್ರಿಲ್ 17ರಂದು ಬೆಳಗಾವಿ ಲೋಕಸಭೆ, ಮಸ್ಕಿ ಮತ್ತು ಬಸವಕಲ್ಯಾಣ ವಿಧಾನಸಭಾ ಕ್ಷೇತ್ರಗಳ ಉಪಚುನಾವಣೆ ನಡೆಯಿತು. ಅದಕ್ಕೆ ಮುಂಚಿನ ವಾರಗಳಲ್ಲಿ ಪ್ರಚಾರ ಸಭೆಗಳಿಗೆ ಜನ ಕಿಕ್ಕಿರಿದಿದ್ದರು. ಮತದಾನ ಮುಗಿದ ವಾರದೊಳಗೆ ನಮ್ಮ ದೇವಾಲಯಗಳು ಮತ್ತೆ ಮುಚ್ಚಿದವು. ಮುಚ್ಚಿದ್ದು ತಪ್ಪಲ್ಲ, ಎರಡನೆಯ ಅಲೆಯ ಆ ದಿನಗಳಲ್ಲಿ ಆಮ್ಲಜನಕಕ್ಕಾಗಿ ಜನ ಅಲೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಪ್ರಚಾರದ ಮೈದಾನಕ್ಕೆ ಬಾರದ ರೋಗ ಪ್ರಾರ್ಥನೆಯ ಕೋಣೆಗೆ ಮಾತ್ರ ಹೇಗೆ ಬರುತ್ತದೆ ಎಂದು ಸಭೆಯ ಹುಡುಗರು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಇನ್ನೊಂದು ಮಾತು: ಆದೇಶಗಳು ಎಷ್ಟೋ ಸಲ ಶನಿವಾರ ರಾತ್ರಿ, ಅದೂ ಇಂಗ್ಲಿಷಿನಲ್ಲಿ ಕೈಗೆ ಬರುತ್ತಿದ್ದವು. ಲಕ್ಷ್ಮೇಶ್ವರ, ಶಿರಹಟ್ಟಿ, ರೋಣದ ಕಡೆಯ ಸಣ್ಣ ಸಭೆಗಳಲ್ಲಿ ಕೂಲಿ ಮಾಡಿಕೊಂಡೇ ಬೋಧಿಸುವವರಿದ್ದಾರೆ. ಅವರು ಬೆಳಗಾಗುವುದರೊಳಗೆ ಅದನ್ನು ಓದಿ, ತಿಳಿದು, ಜನರಿಗೆ ಹೇಳಬೇಕೆಂದರೆ ಹೇಗೆ?

ನಿಯಮಗಳ ಬಿಗಿ ಮಿತಿಮೀರಿದರೆ ಏನಾಗುತ್ತದೆ ಎಂಬುದು ನಮ್ಮ ಈ ಭಾಗಕ್ಕೆ ಹೊಸ ಪಾಠವಲ್ಲ. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಿತು. ಮರುವರ್ಷ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಪುಣೆಯಲ್ಲಿ ಸೈನಿಕರು ಮನೆಯೊಳಗೆ ನುಗ್ಗಿ ರೋಗಿಗಳನ್ನು ಹುಡುಕಿದ ರೀತಿಗೆ ರೊಚ್ಚಿಗೆದ್ದ ಚಾಪೇಕರ್ ಸಹೋದರರು 1897ರ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿಸಿದರು. ಮರುವರ್ಷ ಪ್ಲೇಗ್ ಹುಬ್ಬಳ್ಳಿಯನ್ನು ಹೊಕ್ಕಿತು. ಆದರೆ ಇಲ್ಲಿ ವಿಜ್ಞಾನಿ ಹಾಫ್‌ಕಿನ್ ಅವರು ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಹೊಸ ಲಸಿಕೆಯನ್ನು ಸಾವಿರ ಸಾವಿರ ಜನ ಹಾಕಿಸಿಕೊಂಡರು. ಪ್ಲೇಗಿನ ಇತಿಹಾಸ ಬರೆದವರು ಹುಬ್ಬಳ್ಳಿಯ ಹೆಸರನ್ನು ಇಂದಿಗೂ ಎತ್ತುವುದು ಅದಕ್ಕಾಗಿಯೇ. ಬಾಸೆಲ್ ಮಿಷನ್ ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಮ್ಮ ಬೆಟಗೇರಿಗೆ 1841ರಲ್ಲಿ ಬಂದದ್ದು. ಆಮೇಲೆ ಅವರು ಇಲ್ಲಿ ಕಟ್ಟಿದ ಆಸ್ಪತ್ರೆಯನ್ನು ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಮುದುಕರು ನಮ್ಮ ಓಣಿಯಲ್ಲಿ ಈಗಲೂ ಇದ್ದಾರೆ. ಗಂಟೆ ಗೋಪುರದ ಜೊತೆಗೆ ಔಷಧಿಯ ಕಪಾಟನ್ನೂ ತಂದವರ ಪರಂಪರೆ ನಮ್ಮದು. ಆರೋಗ್ಯ ಇಲಾಖೆಯನ್ನು ಶತ್ರುವಿನಂತೆ ಕಾಣುವುದು ಈ ಪರಂಪರೆಗೆ ಹೊಂದುವ ಮಾತಲ್ಲ.

ನಮ್ಮೊಳಗಿನ ತಪ್ಪನ್ನೂ ಮುಚ್ಚಿಡಲಾರೆ. 2021ರ ಜನವರಿ 16ರಂದು ಲಸಿಕೆ ಶುರುವಾಗಿ ಕೆಲವು ತಿಂಗಳಾದ ಮೇಲೆ, ತಾಲೂಕಿನ ಒಂದು ಪ್ರಾರ್ಥನಾ ಕೂಟದಲ್ಲಿ ಲಸಿಕೆ ಎಂದರೆ ಬೈಬಲಿನ ಕೊನೆಯ ಪುಸ್ತಕ ಹೇಳುವ ಮೃಗದ ಗುರುತು, ಹಾಕಿಸಿಕೊಂಡವರ ಹೆಸರು ರಕ್ಷಣೆ ಹೊಂದುವವರ ಪಟ್ಟಿಯಾದ ಜೀವಗ್ರಂಥದಿಂದ ಅಳಿದುಹೋಗುತ್ತದೆ ಎಂಬ ಮಾತು ಹಬ್ಬಿತ್ತು. ಸಕ್ಕರೆ ಕಾಯಿಲೆಯಿದ್ದ ಒಬ್ಬ ತಾಯಿ ನಾನು ಮೂರು ಸಲ ಹೋದರೂ ಬಾಗಿಲು ತೆರೆಯಲಿಲ್ಲ. ನಾಲ್ಕನೆಯ ಸಲ ಹೋದಾಗ ಆಕೆ ಇರಲಿಲ್ಲ. ಅವರ ಮಗಳು, "ಪ್ರಾರ್ಥನಾ ಸಾಕು ಅಂದಿದ್ರು, ಅಕ್ಕಾ" ಎಂದಷ್ಟೇ ಹೇಳಿದಳು. ನನ್ನ ಇಡೀ ಸೇವೆಯಲ್ಲಿ ಆ ದಿನದಷ್ಟು ಭಾರ ಇನ್ಯಾವ ದಿನವೂ ಆಗಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಸಭಾಪಾಲಕರು ತಾವು ಲಸಿಕೆ ಹಾಕಿಸಿಕೊಂಡು, ತೋಳಿಗೆ ಹತ್ತಿ ಅಂಟಿಸಿಕೊಂಡ ಫೋಟೊವನ್ನು ಗುಂಪಿಗೆ ಹಾಕಿ, ನಾಳೆ ಯಾರು ಬರುತ್ತೀರಿ, ನಾನೇ ಜೊತೆಗೆ ಬರುತ್ತೇನೆ ಎಂದು ಬರೆದಿದ್ದರು. ಮರುದಿನ ನಮ್ಮ ಕೇಂದ್ರದಲ್ಲಿ ಸಭೆಯ ಹಿರಿಯರ ಸಾಲೇ ನಿಂತಿತ್ತು. ಬೋಧಕನ ಒಂದು ಮಾತಿಗೆ ನಮ್ಮ ಹತ್ತು ಜಾಗೃತಿ ಜಾಥಾಗಳಿಗಿಂತ ಹೆಚ್ಚು ತೂಕ. ಹಾಗಿರುವಾಗ ಆ ಮಾತನ್ನು ಆಡುವವರಿಗೆ ಅಷ್ಟೇ ದೊಡ್ಡ ಹೊಣೆಯೂ ಇದೆ.

ವಿಡಿಯೊ ಕಳಿಸಿದ ಗೆಳೆಯರು ಬೈಬಲಿನ ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂಬ ಪೇತ್ರನ ಮಾತು ಅದು. ಆದರೆ ಅಲ್ಲಿ ಪೇತ್ರನಿಗೆ ಅಧಿಕಾರಿಗಳು ಹೇಳಿದ್ದು ಯೇಸುವಿನ ಹೆಸರನ್ನೇ ಎತ್ತಬೇಡ ಎಂದು. ನಮಗೆ 2020ರಲ್ಲಿ ಯಾರೂ ಆ ಹೆಸರನ್ನು ಎತ್ತಬೇಡಿ ಎನ್ನಲಿಲ್ಲ, ಸದ್ಯಕ್ಕೆ ಒಂದೆಡೆ ಸೇರಬೇಡಿ ಎಂದರು. ನಾಳೆ ಯಾವುದಾದರೂ ಸರ್ಕಾರ ರೋಗದ ನೆಪ ಹೂಡಿ ನಮ್ಮ ವಿಶ್ವಾಸವನ್ನೇ ಅದುಮಲು ಹೊರಟರೆ ಆಗ ಆ ಅಧ್ಯಾಯವನ್ನು ತೆರೆಯೋಣ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತೋಣ, ನಾನೂ ಜೊತೆಗಿರುತ್ತೇನೆ. ಅದಕ್ಕೆ ಮುಂಚೆ ಅದೇ ಬೈಬಲಿನ ಯಾಜಕಕಾಂಡದ ಹದಿಮೂರನೆಯ ಅಧ್ಯಾಯವನ್ನೂ ಒಮ್ಮೆ ಓದಬೇಕೆಂದು ಬೇಡುತ್ತೇನೆ. ಚರ್ಮದ ಮೇಲೆ ಮಚ್ಚೆ ಕಂಡವನನ್ನು ಯಾಜಕನೇ ಪರೀಕ್ಷಿಸಿ, ಸಂಶಯವಿದ್ದರೆ ಏಳು ದಿನ ಬೇರೆ ಇರಿಸಿ, ಏಳನೆಯ ದಿನ ಮತ್ತೆ ನೋಡುತ್ತಾನೆ. ರೋಗವನ್ನು ಗುರುತಿಸಿ ತಡೆಯುವುದು ಅಲ್ಲಿ ಯಾಜಕನ ಕೆಲಸವೇ ಆಗಿತ್ತು. 1527ರಲ್ಲಿ ಜರ್ಮನಿಯ ವಿಟೆನ್‌ಬರ್ಗ್‌ಗೆ ಪ್ಲೇಗ್ ಬಂದಾಗ ಊರು ಬಿಡದೆ ರೋಗಿಗಳ ಆರೈಕೆಗೆ ನಿಂತ, ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಕೂಡ ಔಷಧಿ ತೆಗೆದುಕೊಳ್ಳಬೇಕು, ಮನೆಯನ್ನು ಶುದ್ಧವಾಗಿಡಬೇಕು, ಅಗತ್ಯವಿಲ್ಲದ ಕಡೆ ಹೋಗಿ ಇತರರಿಗೆ ಸೋಂಕು ಹಚ್ಚಬಾರದು ಎಂದೇ ಬರೆದರು.

ಇದೆಲ್ಲ ಕೋವಿಡ್‌ನ ಹಳೆಯ ಕಥೆ, ಈಗೇಕೆ ಎಂದು ಕೇಳುವವರಿಗೆ ಒಂದು ಸಂಗತಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ನೀರು ನಿಲ್ಲಿಸಿದವರಿಗೆ ದಂಡ ಗೊತ್ತುಮಾಡಿತು. ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಡೆಂಗಿ ಹರಡುವ ಈಡಿಸ್ ಸೊಳ್ಳೆ ಗಟಾರದ ಕೊಳಕು ನೀರನ್ನು ಹುಡುಕುವುದಿಲ್ಲ, ನಿಂತ ತಿಳಿನೀರೇ ಅದಕ್ಕೆ ಇಷ್ಟ. ಒಂದು ಲೋಟದಷ್ಟು ನೀರಿದ್ದರೂ ಸಾಕು, ವಾರ ಹತ್ತು ದಿನದಲ್ಲಿ ಮೊಟ್ಟೆಯೊಡೆದ ಮರಿ ಸೊಳ್ಳೆಯಾಗಿ ಹಾರುತ್ತದೆ. ನೀರು ಆರಿದರೂ ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮ ಸಮಾಧಿ ಸ್ಥಳಗಳಲ್ಲಿ ಪ್ರತಿ ಕಲ್ಲಿನ ತಲೆಯ ಬಳಿ ಹೂವಿಡುವ ಸಿಮೆಂಟಿನ ಕುಂಡ, ಗಾಜಿನ ಹೂದಾನಿ, ಕೆಲವೆಡೆ ಪ್ಲಾಸ್ಟಿಕ್ ಬಾಟಲಿ ಇರುತ್ತವೆ. ಪುನರುತ್ಥಾನದ ಹಬ್ಬದ ನಸುಕಿನಲ್ಲಿ, ಕಥೋಲಿಕರಲ್ಲಿ ನವೆಂಬರ್ 2ರಂದು ಹೂವಿಟ್ಟು ಮೇಣದಬತ್ತಿ ಹಚ್ಚಿ ಬರುತ್ತೇವೆ. ಆಮೇಲೆ ಮಳೆಯ ನೀರು ಅವುಗಳಲ್ಲಿ ನಿಂತೇ ಇರುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ತಾಯಿಯ ಸಮಾಧಿಯ ಕುಂಡದಲ್ಲೇ ಮರಿಗಳು ಪುಟಿಯುತ್ತಿದ್ದವು. ಮನೆಗಳಿಗೆ ಹೋಗಿ ಡ್ರಮ್ಮು, ಹೂಕುಂಡ ಬಗ್ಗಿಸಿ ನೋಡುವ ಆಶಾ ಕಾರ್ಯಕರ್ತೆಯರು ಸಮಾಧಿ ಸ್ಥಳದ ಗೇಟಿನಿಂದಲೇ ಹಿಂದಿರುಗುತ್ತಾರೆ, ಧರ್ಮದ ಜಾಗವೆಂಬ ಅಳುಕಿನಿಂದ. ಆ ಅಳುಕನ್ನು ಕಳೆಯಬೇಕಾದವರು ನಾವು.

ಹಾಗಾಗಿ ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಎಲ್ಲ ಪಂಗಡಗಳ ಸಭಾಪಾಲಕರು, ಗುರುಗಳು, ಬೋಧಕರಲ್ಲಿ ನನ್ನದೊಂದು ವಿನಂತಿ. ಮುಂದಿನ ಆದೇಶ ಬರುವವರೆಗೆ ಕಾಯದೆ, ತಾಲೂಕು ಆರೋಗ್ಯಾಧಿಕಾರಿಗಳನ್ನು ಈಗಲೇ ಕಂಡು, ಪ್ರತಿ ಸಭೆಯಿಂದ ಒಬ್ಬರ ಹೆಸರನ್ನೂ ಫೋನ್ ನಂಬರನ್ನೂ ಕೊಟ್ಟಿರಿ. ಆರೋಗ್ಯ ಇಲಾಖೆಗೂ ಒಂದು ಬೇಡಿಕೆ: ಪೂಜಾಸ್ಥಳಗಳ ಬಗ್ಗೆ ಏನೇ ನಿಯಮ ಮಾಡುವುದಿದ್ದರೂ ಮಠ, ಮಸೀದಿ, ಚರ್ಚುಗಳಿಂದ ಒಬ್ಬೊಬ್ಬರನ್ನು ಮೊದಲೇ ಕರೆದು ಕೇಳಿ, ಕಾರಣವನ್ನೂ ಸೇರಿಸಿ ಕನ್ನಡದಲ್ಲಿ ಬರೆದು, ಶುಕ್ರವಾರದೊಳಗೆ ಕಳಿಸಿ. ಮದುವೆ ಮಂಟಪಕ್ಕೆ, ಚುನಾವಣೆಯ ಮೈದಾನಕ್ಕೆ ಹಾಕುವ ಅಳತೆಯನ್ನೇ ನಮಗೂ ಹಾಕಿ. ಅದಕ್ಕಿಂತ ಸಡಿಲ ನಮಗೆ ಬೇಡ, ಅದಕ್ಕಿಂತ ಬಿಗಿಯೂ ಬೇಡ.

ಬರುವ ರವಿವಾರ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಸ್ತ್ರೀಯರ ಕೂಟದವರೂ ಯುವಕರೂ ಸೇರಿ ಸಮಾಧಿ ಸ್ಥಳದ ಕುಂಡಗಳನ್ನೆಲ್ಲ ಬಗ್ಗಿಸಿ, ಒಳಗೆ ತಿಕ್ಕಿ ತೊಳೆದು, ನೀರಿನ ಬದಲು ಹಸಿ ಮರಳು ತುಂಬಲಿದ್ದೇವೆ. ಮರಳಿನಲ್ಲಿ ಸಿಕ್ಕಿಸಿದ ಹೂವು ಕೂಡ ಎರಡು ದಿನ ಬಾಡದೆ ನಿಲ್ಲುತ್ತದೆ. ಆ ದಿನ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯರು ಗೇಟಿನ ಹೊರಗೆ ನಿಲ್ಲದೆ ಒಳಗೆ ಬಂದು ನಮ್ಮ ಜೊತೆ ಪ್ರತಿ ಕುಂಡವನ್ನೂ ನೋಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕರೆಯುತ್ತಿದ್ದೇನೆ.

ಇಂತಿ ನಿಮ್ಮ ಓದುಗಳು,
ನಿವೃತ್ತ ಆರೋಗ್ಯ ಸಹಾಯಕಿ,
ಬೆಟಗೇರಿ, ಗದಗ